ಉಸಿರಿನ ದಾರಿ, ದನಿಯ ದಾರಿ

ನಾಭಿಮೂಲದಿಂದ ಏಳುವ ವಾಯುವೇ ಕಹಳೆಯ ಪರಿಯಲ್ಲಿ ಶಬ್ದವಾಗಿ ಹೊಮ್ಮುವುದೆಂದು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವರಿಸಿರುವನು. ಆ ವಾಯುವು ಧ್ವನಿಸ್ಥಾನವನ್ನು ಮುಟ್ಟದೆ ಹೊರಬಿದ್ದರೆ ಏನಾಗುವುದೆಂಬುದನ್ನು ಕಂಠದಲ್ಲಿ ನಳಿಕೆ ಧರಿಸಿದ ಹಸುಗೂಸು ತೋರಿಸುತ್ತದೆ. ಅದು ಅಳುತ್ತದೆ, ಮುಖ ಕೆಂಪೇರುತ್ತದೆ, ಕಣ್ಣೀರು ಹರಿಯುತ್ತದೆ. ಅಳು ಮಾತ್ರ ಬಹುಮಟ್ಟಿಗೆ ಕೇಳಿಸದು.

ಶಿಶುವಿನ ಶ್ವಾಸಮಾರ್ಗವು ಬಲು ಕಿರಿದು. ಧ್ವನಿತಂತುಗಳ ಕೆಳಗೆ ಅದರ ಅಡ್ಡಳತೆ ಸುಮಾರು 4 ಮಿಲಿಮೀಟರು. ಒಳಗೋಡೆಯು ಸುತ್ತಲೂ 1 ಮಿಲಿಮೀಟರು ಬಾತರೆ ದಾರಿಯ ಮುಕ್ಕಾಲು ಪಾಲು ಮುಚ್ಚಿಹೋಗುವುದು. ದಿನ ತುಂಬದೆ ಹುಟ್ಟಿ, ಉಸಿರಾಟದ ಯಂತ್ರದ ಆಶ್ರಯದಲ್ಲಿ ಬಹುಕಾಲ ಇದ್ದ ಕೂಸುಗಳಲ್ಲಿ ಈ ಎಡೆಯು ಗಾಯಗೊಂಡು ಕುಗ್ಗುವುದುಂಟು. ಆಗ ಶಸ್ತ್ರವೈದ್ಯರು ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರವಿಟ್ಟು ನಳಿಕೆಯನ್ನು ಇಳಿಸುತ್ತಾರೆ. ಗಂಟಲುಮಾರಿಯೆನಿಸಿದ ಡಿಫ್ತೀರಿಯಾದಿಂದ ಉಸಿರು ಕಟ್ಟಿದ್ದ ಬಾಲಕಿಯೊಬ್ಬಳನ್ನು ಫ್ರಾನ್ಸಿನ ವೈದ್ಯ ಬ್ರೆತೊನೊ 1825ರಲ್ಲಿ ಈ ಕ್ರಮದಿಂದಲೇ ಬದುಕಿಸಿದನು.

ಕಡೂರಿನ ತೆಂಗಿನ ಸೀಮೆಯಲ್ಲಾಗಲಿ, ತರೀಕೆರೆಯ ಅಡಕೆ ತೋಟಗಳ ನಡುವೆಯಾಗಲಿ, ಅಜ್ಜಂಪುರದ ಹಳ್ಳಿಯಲ್ಲಾಗಲಿ, ನಗರದ ಆಸ್ಪತ್ರೆಯಿಂದ ಇಂಥ ಕೂಸನ್ನು ಮನೆಗೆ ತರುವ ತಾಯಿಯು ಅದರೊಡನೆ ಹೊಸ ವಿದ್ಯೆಯೊಂದನ್ನೂ ತರಬೇಕಾಗುತ್ತದೆ. ಕಫವನ್ನು ಹೀರಿ ತೆಗೆಯುವುದು, ಕೊರಳ ಪಟ್ಟಿಯನ್ನು ಬದಲಿಸುವುದು, ನಳಿಕೆ ಕಟ್ಟಿಕೊಂಡರೆ ಒಡನೆಯೇ ಬೇರೊಂದನ್ನು ತೊಡಿಸುವುದು, ಇವೆಲ್ಲ ಆಕೆಗೆ ಕರತಲಾಮಲಕವಾಗಬೇಕು. ವಿದ್ಯುತ್ತು ಹೋದ ರಾತ್ರಿಗೆ ಕಾಲಿನಿಂದ ತುಳಿದು ಕಫ ಹೀರುವ ಯಂತ್ರ ಬೇಕು. ಕೂಗಿ ಕರೆಯಲಾರದ ಕೂಸಿನ ಬಳಿ ಒಬ್ಬರಾದರೂ ಎಚ್ಚರವಿರಲೇಬೇಕು.

ನಳಿಕೆಯನ್ನು ಇಡುವುದಕ್ಕಿಂತಲೂ ತೆಗೆಯುವುದಕ್ಕೆ ಹೆಚ್ಚಿನ ತಾಳ್ಮೆ ಬೇಕು. ಮೊದಲು ದುರ್ಬೀನಿನಿಂದ ಒಳಗನ್ನು ನೋಡಿ, ದಾರಿ ತೆರೆದಿರುವುದನ್ನು ವೈದ್ಯರು ನಿಶ್ಚಯಿಸುತ್ತಾರೆ. ಬಳಿಕ ಕಿರಿದಾದ ನಳಿಕೆ. ಅನಂತರ ಅದರ ಬಾಯಿಗೆ ಮುಚ್ಚಳ. ಆದರೆ ಹಸುಗೂಸಿನಲ್ಲಿ ನಳಿಕೆಯೇ ದಾರಿಯ ಬಹುಭಾಗವನ್ನು ತುಂಬಿರುವುದರಿಂದ, ಮುಚ್ಚಳದ ಪರೀಕ್ಷೆಯಲ್ಲಿ ಸೋತ ಕೂಸು ನಳಿಕೆ ತೆಗೆದ ಮೇಲೆ ಸುಗಮವಾಗಿ ಉಸಿರಾಡುವುದೂ ಉಂಟು. ಇಲ್ಲಿ ನಿಯಮಕ್ಕಿಂತ ವಿವೇಚನೆ ದೊಡ್ಡದು. ತೆಗೆದ ಮೇಲೆಯೂ ಆಸ್ಪತ್ರೆಯಲ್ಲಿದ್ದು ಕಾಯಬೇಕು. ರಂಧ್ರವು ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುವುದು. ಕೆಲವರಿಗೆ ಹೊಲಿಗೆ ಬೇಕಾದೀತು. ಮನೆಯವರ ಆತುರವಾಗಲಿ ಹಣದ ಅಡಚಣೆಯಾಗಲಿ ಈ ದಿನಗಳನ್ನು ಮೊಟಕುಗೊಳಿಸಬಾರದು.

ಅನ್ನದಾಸೋಹ, ಅಕ್ಷರದಾಸೋಹಗಳನ್ನು ಕಂಡ ನಾಡಿನಲ್ಲಿ ಬಡ ತಾಯಿಯೊಬ್ಬಳ ಆಸ್ಪತ್ರೆವಾಸದ ವೆಚ್ಚ, ಒಂದು ಕಫ ಹೀರುವ ಯಂತ್ರ, ಇವು ದಾನಿಗಳಿಗೆ ಭಾರವಲ್ಲ. ಉಪಾಧ್ಯಾಯರ ಪಾಲೂ ಇದರಲ್ಲಿದೆ. ಇಂಥ ಮಕ್ಕಳು ಮುಂದೆ ಶಾಲೆಗೆ ಬಂದು ಪದ್ಯ ಒಪ್ಪಿಸುವಾಗ ಕೆಲವರ ದನಿ ಒರಟಾಗಿರಬಹುದು, ಕ್ಷೀಣವಾಗಿರಬಹುದು. ‘ಗಟ್ಟಿಯಾಗಿ ಹೇಳು’ ಎಂದು ಗದರುವ ಮುನ್ನ, ಒಂದು ಹೆಜ್ಜೆ ಹತ್ತಿರ ಹೋಗಿ ಕೇಳಿದರೆ ಸಾಕು.