ಮನೆಯಂಗಳದಲ್ಲೊಂದು ಹಳೆಯ ಸ್ಟೇಷನ್ ವ್ಯಾಗನ್

ಕೊಳ್ಳುವುದು ಸುಲಭ, ಕಾಪಾಡುವುದು ಕಷ್ಟ ಎಂದು ಹಿರಿಯರು ಹೇಳುವುದುಂಟು. ಮನೆ, ಹೊಲ, ದನಕರುಗಳ ವಿಷಯದಲ್ಲಿ ಹುಟ್ಟಿದ ಈ ಮಾತು ಯಂತ್ರಗಳ ವಿಷಯದಲ್ಲಿಯೂ ಅಷ್ಟೇ ಸತ್ಯವಾದುದು. ಕೆಟ್ಟುದನ್ನು ಎಸೆದು ಹೊಸದನ್ನು ತರುವ ಅಭ್ಯಾಸವು ಬೆಳೆದಿರುವ ಈ ಕಾಲದಲ್ಲಿ, ಕೆಟ್ಟುದನ್ನು ಬಿಚ್ಚಿ ನೋಡಿ, ಕಾರಣವನ್ನರಿತು, ಮತ್ತೆ ನೆಟ್ಟಗೆ ಮಾಡುವವರು ವಿರಳರಾಗುತ್ತಿದ್ದಾರೆ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರದಲ್ಲಿ ಅಂಥವರೊಬ್ಬರ ಮನೆಯಂಗಳದಿಂದ 2019ರಿಂದ 2022ರವರೆಗೆ ಸುತ್ತಿಗೆಯ ಸದ್ದು ಕೇಳಿಬರುತ್ತಿತ್ತು. ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಆ ಹಿರಿಯರು ತಮ್ಮ ತಂದೆಯ ಕಾಲದ ವಾಹನವೊಂದನ್ನು ಮತ್ತೆ ರಸ್ತೆಗಿಳಿಸುವ ಸಂಕಲ್ಪ ತೊಟ್ಟಿದ್ದರು.

ಆ ವಾಹನವು 1968ರ ಅಂಬಾಸಿಡರ್ ಎಸ್ಟೇಟ್. ಇಂತಹ ವಾಹನಕ್ಕೆ ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂದುದು ಅಮೆರಿಕ ದೇಶದಲ್ಲಿ. ರೈಲು ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಹೊತ್ತು ಊರೊಳಕ್ಕೆ ತರುತ್ತಿದ್ದ ಬಂಡಿಗಳೇ ಇವುಗಳ ಮೂಲ. ಮೊದಮೊದಲು ಇವುಗಳ ಮೈಯನ್ನು ಮರದಿಂದ ಕಟ್ಟುತ್ತಿದ್ದರು. 1946ರಲ್ಲಿ ಜೀಪು ತಯಾರಿಕೆಗೆ ಹೆಸರಾದ ವಿಲ್ಲಿಸ್ ಸಂಸ್ಥೆಯು ಸಂಪೂರ್ಣ ಉಕ್ಕಿನ ಮೈಯುಳ್ಳ ವ್ಯಾಗನ್ನನ್ನು ತಯಾರಿಸಿದ ಮೇಲೆ ಮರದ ಕಾಲವು ಕ್ರಮೇಣ ಮುಗಿಯಿತು. ಇಂಗ್ಲೆಂಡಿನಲ್ಲಿ ಇವಕ್ಕೆ ಎಸ್ಟೇಟ್ ಎಂದು ಹೆಸರು. ಹೆಸರು ಯಾವುದಾದರೂ ಲಕ್ಷಣ ಒಂದೇ: ಮಾಡು ಹಿಂದಿನ ತುದಿಯವರೆಗೂ ಚಾಚಿಕೊಂಡಿರುತ್ತದೆ, ಡಿಕ್ಕಿಯ ಬದಲು ಹಿಂಬದಿಯಲ್ಲೊಂದು ಬಾಗಿಲು ಇರುತ್ತದೆ.

ಭಾರತದಲ್ಲಿ ಈ ಬಗೆಯ ವಾಹನಗಳಿಗೆ ಹೆಚ್ಚಿನ ಆದರ ದೊರೆಯಲಿಲ್ಲ. ಅಂಬಾಸಿಡರ್ ಎಸ್ಟೇಟಿನ ತರುವಾಯ 1992ರಲ್ಲಿ ಟಾಟಾ ಎಸ್ಟೇಟ್, 2004ರಲ್ಲಿ ಇಂಡಿಗೊ ಮರೀನಾ ಬಂದುವು, ಹೋದುವು. ನೋಡಲು ಆಂಬುಲೆನ್ಸಿನಂತಿದೆ ಎಂದು ಮೂಗು ಮುರಿದವರೇ ಹೆಚ್ಚು. ಆದರೆ ಒಮ್ಮೆ ಇದನ್ನು ಕೊಂಡ ಮನೆಯವರು ಇದನ್ನು ಸುಲಭವಾಗಿ ಬಿಟ್ಟವರಲ್ಲ. ರಾಜಾಜಿನಗರದ ಈ ಮನೆಗೆ 1974ರಲ್ಲಿ ಎರಡನೆಯ ಒಡೆಯರ ಕೈಗೆಂದು ಬಂದ ಈ ವಾಹನವು ಊರಿನಿಂದ ರಾಗಿ ಮೂಟೆಗಳನ್ನು ತಂದಿತು. ಕಾಯಿಲೆಯವರನ್ನು ಆಸ್ಪತ್ರೆಗೆ ಸಾಗಿಸಿತು. 1976ರಲ್ಲಿ ಮನೆಯ ಹಿರಿಯ ಮಗಳನ್ನು ಹಿತ್ತಾಳೆ ಪಾತ್ರೆಗಳ ಸಮೇತ ಕೆಂಗೇರಿಯ ಗಂಡನ ಮನೆಗೆ ಮುಟ್ಟಿಸಿತು. 2004ರಲ್ಲಿ ನಿಂತ ಮೇಲೆ ಹದಿನೈದು ಮಳೆಗಾಲಗಳನ್ನು ಹೊಂಗೆಯ ಮರದಡಿಯಲ್ಲಿ ಕಳೆಯಿತು. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದಾಗ ಮನೆಯವರೆಲ್ಲರೂ ಒಪ್ಪಿದ್ದರು. ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ.

ಕೆಲಸವನ್ನು ಕೈಗೆತ್ತಿಕೊಂಡಾಗ ಅವರಿಗೆ ತಿಳಿದ ಮೊದಲ ಸಂಗತಿಯೆಂದರೆ, ಸ್ಟೇಷನ್ ವ್ಯಾಗನ್ನು ಒಂದು ವಾಹನವಲ್ಲ, ಎರಡು ಎಂಬುದು. ಅದರ ಮುಂಭಾಗವೆಲ್ಲ ಸಾಮಾನ್ಯ ಅಂಬಾಸಿಡರ್ ಕಾರಿನದೇ. 1957ರ ಸುಮಾರಿಗೆ ಆರಂಭವಾಗಿ 2014ರಲ್ಲಿ ನಿಂತ ಆ ಕಾರಿನ ಬಿಡಿಭಾಗಗಳು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಹುಡುಕಿದವರಿಗೆ ದೊರೆಯುತ್ತಿದ್ದುವು. ಆದರೆ ಹಿಂಭಾಗದ ತಗಡು, ಬಾಗಿಲು, ಅದರ ಕೀಲುಗಳು ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಮುಂದಿನ ಅರ್ಧವನ್ನು ಕೊಳ್ಳಬಹುದು, ಹಿಂದಿನ ಅರ್ಧವನ್ನು ಮಾಡಿಯೇ ತೀರಬೇಕು. ಈ ಒಂದು ಮಾತಿನಲ್ಲಿಯೇ ಮುಂದಿನ ಮೂರು ವರ್ಷಗಳ ಕಷ್ಟವೆಲ್ಲ ಅಡಗಿದ್ದಿತು.

ಮೊದಲು ಎಂಜಿನ್ನಿನ ಸರದಿ. 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಆ ಎಂಜಿನ್ನನ್ನು ಕಳಚಿ ಅಂಗಳದ ಮೇಜಿನ ಮೇಲಿಟ್ಟರು. ಕಳಚಿದ ಒಂದೊಂದು ಬೋಲ್ಟನ್ನೂ ಒಂದೊಂದು ಡಬ್ಬಿಯಲ್ಲಿಟ್ಟು, ಎಲ್ಲಿಯದೆಂದು ಚೀಟಿ ಅಂಟಿಸಿದರು. ಪಿ.ಯು.ಸಿ. ಓದುತ್ತಿದ್ದ ಮೊಮ್ಮಗಳು ಲೆಕ್ಕದ ಪುಸ್ತಕ ಹಿಡಿದು ಕುಳಿತಳು. ಸವೆದ ಸಿಲಿಂಡರುಗಳನ್ನು ಮಾಗಡಿ ರಸ್ತೆಯ ಬದಿಯ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗೆ ಒಯ್ದು ಕೊರೆಸಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ನುಗಳನ್ನು ಹಾಕಿದರು. 2000ನೆಯ ಇಸವಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿದೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವು ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿದ್ದಿತು. ಆ ರಕ್ಷಣೆ ಈಗಿಲ್ಲವಾದುದರಿಂದ ಅಲ್ಲಿ ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸಬೇಕಾಯಿತು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟರೆ ಸಿಲಿಂಡರುಗಳನ್ನು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಆದಕಾರಣ ಬ್ರೇಕಿನ ವಿಷಯದಲ್ಲಿ ಹಳೆಯದನ್ನು ಉಳಿಸುವ ಆಸೆಗೆ ಅವರು ಎಡೆಗೊಡಲಿಲ್ಲ. ರಬ್ಬರು, ನಳಿಗೆ, ಸಿಲಿಂಡರು ಎಲ್ಲವನ್ನೂ ಹೊಸದಾಗಿ ತಂದರು. ಓಡುವುದಕ್ಕಿಂತ ನಿಲ್ಲುವುದು ಮುಖ್ಯ ಎಂಬುದು ಅವರ ನಿಲುವು.

2020ರ ಮಾರ್ಚಿಯಲ್ಲಿ ಊರೆಲ್ಲ ಬಾಗಿಲು ಮುಚ್ಚಿದಾಗ ಲೇತ್ ಅಂಗಡಿಗಳೂ ಮುಚ್ಚಿದುವು. ಆ ಬಿಡುವಿನಲ್ಲಿ ಹಿರಿಯರು ಮೈಯ ತುಕ್ಕಿಗೆ ಕೈಹಾಕಿದರು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಪೆಟ್ಟಿಗೆಯಂತಹ ಅಡ್ಡಪಟ್ಟಿಗಳಲ್ಲಿ ನೀರು ಹೊರಹೋಗಲೆಂದು ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋಗಿ, ನೀರು ಒಳಗೇ ನಿಂತು, ಉಕ್ಕು ಹಪ್ಪಳದಂತಾಗಿದ್ದಿತು. ಎಡಗಡೆಯ ಪಟ್ಟಿಯನ್ನು ಅವರು ಒಮ್ಮೆಗೇ ಕತ್ತರಿಸಿ ತೆಗೆದು, ಹೊಸ ತಗಡಿನ ಪಟ್ಟಿಯನ್ನು ಬೆಸೆದರು. ಕೆಲಸವು ಕಣ್ಣಿಗೆ ಸೊಗಸಾಗಿಯೇ ಕಂಡಿತು. ಆದರೆ ಬಾಗಿಲನ್ನು ತಂದು ಕೂರಿಸಿದಾಗ ಅದು ಮುಚ್ಚಲೊಲ್ಲದು.

"ತಾತ, ಮೊದಲು ಮುಚ್ತಿತ್ತಲ್ಲ, ಈಗ್ಯಾಕೆ ಮುಚ್ಚೋದಿಲ್ಲ?" ಎಂದು ಮೊಮ್ಮಗಳು ಕೇಳಿದಳು. ಅವರಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವಳೇ ಟೇಪು ತಂದು ಬಾಗಿಲಿನ ತೆರಪನ್ನು ಮೂಲೆಯಿಂದ ಮೂಲೆಗೆ ಅಳೆದಳು, ಬಲಗಡೆಯನ್ನೂ ಅಳೆದಳು. ಎರಡಕ್ಕೂ ಅರ್ಧ ಅಂಗುಲದ ವ್ಯತ್ಯಾಸವಿದ್ದಿತು. ಆಗ ತಪ್ಪು ಅರಿವಾಯಿತು. ಲಾರಿ, ಜೀಪುಗಳಿಗಿರುವಂತೆ ಈ ಕಾರಿಗೆ ಬೇರೆಯಾದ ಚಾಸಿಯಿಲ್ಲ. ಮೈಯೇ ಅದರ ಎಲುಬು. ಅಡ್ಡಪಟ್ಟಿಯನ್ನು ಕತ್ತರಿಸುವಾಗ ನಡುಭಾಗಕ್ಕೆ ಆಧಾರ ಕೊಡದೆ ಎರಡು ತುದಿಗಳಲ್ಲಿ ಮಾತ್ರ ಎತ್ತಿ ನಿಲ್ಲಿಸಿದ್ದುದರಿಂದ ವಾಹನವು ನಡುವಿನಲ್ಲಿ ಕುಸಿದಿದ್ದಿತು; ಕುಸಿದ ಸ್ಥಿತಿಯಲ್ಲಿಯೇ ಅವರು ಅದನ್ನು ಬೆಸೆದು ಭದ್ರಪಡಿಸಿದ್ದರು. ಮೂವತ್ತೈದು ವರ್ಷ ಉಕ್ಕಿನೊಡನೆ ಬಾಳಿದವರಿಗೆ ಇದು ಸಣ್ಣ ಅವಮಾನವಲ್ಲ. ಒಂದು ವಾರ ಅಂಗಳಕ್ಕೆ ಕಾಲಿಡಲಿಲ್ಲ. ಆಮೇಲೆ ಎರಡು ತಿಂಗಳ ಕೆಲಸವನ್ನು ತಾವೇ ಕತ್ತರಿಸಿ ತೆಗೆದು, ಬಾಗಿಲಿನ ತೆರಪುಗಳಿಗೆ ಕಬ್ಬಿಣದ ಆಂಗಲ್ ಪಟ್ಟಿಗಳನ್ನು ಅಡ್ಡ ಕಟ್ಟಿ, ಅಡಿಗೆ ನಾಲ್ಕೆಡೆ ಆಧಾರ ಕೊಟ್ಟು, ಅಳತೆ ಸರಿಹೋದ ಮೇಲೆ ತುಸುತುಸುವೇ ಮತ್ತೆ ಬೆಸೆದರು. ಈ ಸಲ ಪ್ರತಿ ಬೆಸುಗೆಯ ಮುಂಚೆ ಅಳತೆ ಹಿಡಿದವಳು ಮೊಮ್ಮಗಳು.

ಹಿಂದಿನ ಬಾಗಿಲಿನ ಕೆಲಸವು ಅವರ ಕೈಮೀರಿದ್ದಾಗಿತ್ತು. ಅದಕ್ಕಾಗಿ ಅವರು ಕಾಮಾಕ್ಷಿಪಾಳ್ಯದ ವೃದ್ಧ ಟಿಂಕರಿಂಗ್ ಕೆಲಸಗಾರರೊಬ್ಬರ ಮೊರೆಹೊಕ್ಕರು. ಎಪ್ಪತ್ತು ದಾಟಿದ ಆತ ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ತೂತುಬಿದ್ದ ಬಾಗಿಲನ್ನು ಬೆರಳಿನಿಂದ ತಡವಿ ನೋಡಿ, ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಒಂದು ಮಳೆಗಾಲ ಕಳೆಯಬಹುದು, ಅಷ್ಟಕ್ಕೆ ತಾವು ಬೇಕಾಗಿಲ್ಲ ಎಂದರು. ಮಾಡುವುದಾದರೆ ಹೊಸ ತಗಡಿನಲ್ಲಿಯೇ ಮಾಡಬೇಕು. ಮೊದಲು ಹಳೆಯ ಬಾಗಿಲಿನ ಮೇಲೆ ರಟ್ಟನ್ನು ಹೊದಿಸಿ, ಬಾಗಿದೆಡೆಯಲ್ಲಿ ಸೀಳಿ, ಅಚ್ಚು ತೆಗೆದರು. ತಗಡನ್ನು ಅದರಂತೆ ಕತ್ತರಿಸಿ, ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದರು. ನಡುವೆ ಬಡಿದರೆ ತಗಡು ಹಿಗ್ಗಿ ಉಬ್ಬುತ್ತದೆ. ಅಂಚಿನಲ್ಲಿ ಮಡಿಕೆ ಹಾಕಿ ಬಡಿದರೆ ಕುಗ್ಗಿ ಬಾಗುತ್ತದೆ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬ ತಿಳಿವಳಿಕೆಯೇ ಈ ವಿದ್ಯೆಯ ಸಾರ. "ಯಜಮಾನ್ರೇ, ತಗಡನ್ನ ಬಡಿದು ಬಗ್ಗಿಸಬಾರದು, ಬಡಿದು ಒಪ್ಪಿಸಬೇಕು" ಎಂದು ಆತ ಹೇಳಿದರು. ಹಾಗೆ ಒಪ್ಪಿಸಲು ಹನ್ನೊಂದು ದಿನಗಳು ಬೇಕಾದುವು.

ಕೊನೆಯ ದಿನ ಹಿರಿಯರು ಕೇಳಿದರು, "ನಿಮ್ಮ ಮಕ್ಕಳು ಈ ಕೆಲಸ ಕಲಿತಿದ್ದಾರೆಯೆ?" ವೃದ್ಧರು ತಲೆಯಾಡಿಸಿದರು. ಮಗನೊಬ್ಬ ಕಚೇರಿಯಲ್ಲಿದ್ದಾನೆ, ಇನ್ನೊಬ್ಬ ಟ್ಯಾಕ್ಸಿ ಓಡಿಸುತ್ತಾನೆ. ಇಂದಿನ ಗ್ಯಾರೇಜುಗಳಲ್ಲಿ ಜಜ್ಜಿದ ಭಾಗವನ್ನು ಕಿತ್ತು ಹೊಸದನ್ನು ಹಾಕುವುದೇ ವಾಡಿಕೆಯಾದುದರಿಂದ ಕೊಡತಿ ಹಿಡಿದವರನ್ನು ಕೇಳುವವರಿಲ್ಲ. ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದರು. ಮೊಮ್ಮಗಳು ರಟ್ಟಿನ ಅಚ್ಚುಗಳನ್ನೆಲ್ಲ ಎತ್ತಿಟ್ಟು, ಒಂದೊಂದರ ಮೇಲೂ ಯಾವ ಭಾಗದ್ದು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂದು ಆತನನ್ನು ಕೇಳಿ ಕೇಳಿ ಬರೆದುಕೊಂಡಳು.

ವಾಹನವು ಸಿದ್ಧವಾಗುತ್ತಿರುವಾಗ ಇನ್ನೊಂದು ಪ್ರಶ್ನೆ ಎದುರಾಯಿತು. 2021ರಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ನಿಯಮಗಳನ್ನು ಹೊರಡಿಸಿತು. ಅದರಂತೆ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಂಬರಿನಲ್ಲಿ 'ವಿಎ' ಎಂಬ ವಿಶೇಷ ಗುರುತು. ಗೌರವವೇನೋ ಹೌದು. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ ಮೊದಲಾದ ಕಾರಣಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಾಮಾನ್ಯ ವಾಹನವಾಗಿಯೇ ಉಳಿಸಿಕೊಂಡರೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನೋಂದಣಿಯನ್ನು ನವೀಕರಿಸಬೇಕು. ಹದಿನೈದು ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವು 2022ರ ಏಪ್ರಿಲಿನಿಂದ 600 ರೂಪಾಯಿಗಳಿಂದ 5,000ಕ್ಕೆ ಏರಿತು. ಮಗನು ವಿಂಟೇಜ್ ನೋಂದಣಿಯೇ ಮೇಲೆಂದ. ಹಿರಿಯರು ಬಹಳ ಯೋಚಿಸಿ ಬೇಡವೆಂದರು. ಹೊರುವುದಕ್ಕಾಗಿಯೇ ಹುಟ್ಟಿದ ಬಂಡಿ ಇದು. ಹೊರಬಾರದೆಂಬ ಗೌರವ ಇದಕ್ಕೆ ಸಲ್ಲದು ಎಂಬುದು ಅವರ ವಾದ. ತಪಾಸಣೆಗೆ ಒಯ್ದರು, ದೀಪ, ಬ್ರೇಕು, ಹೊಗೆಯ ಪರೀಕ್ಷೆಗಳಲ್ಲಿ ವಾಹನವು ತೇರ್ಗಡೆಯಾಯಿತು.

2022ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ವಾಹನವು ರಾಜಾಜಿನಗರದಿಂದ ಹೊರಟು, ಮಾಗಡಿ ರಸ್ತೆಯನ್ನು ದಾಟಿ, ವಿಜಯನಗರದ ಮಾರ್ಗವಾಗಿ ಮೈಸೂರು ರಸ್ತೆಯನ್ನು ಸೇರಿತು. ಹಿಂದಿನ ವರ್ಷವಷ್ಟೇ ಕೆಂಗೇರಿಯವರೆಗೆ ಆರಂಭವಾಗಿದ್ದ ಮೆಟ್ರೋ ರೈಲು ತಲೆಯ ಮೇಲೆ ಹಾಯ್ದುಹೋಗುತ್ತಿದ್ದಿತು. ವಾಹನಸಂದಣಿಯಲ್ಲಿ ಎಂಜಿನ್ನು ಬಿಸಿಯೇರಿದಾಗ ಬದಿಗೆ ನಿಲ್ಲಿಸಿ, ಕಾಲುಗಂಟೆ ಕಾದು, ಮುಂದೆ ಸಾಗಿದರು. ಕೆಂಗೇರಿಯ ಮನೆಯ ಮುಂದೆ ಅಕ್ಕ ಕಾಯುತ್ತಿದ್ದರು. ಮಂಡಿನೋವಿನಿಂದ ಎತ್ತರದ ಕಾರುಗಳನ್ನು ಹತ್ತಲಾರದ ಅವರು ಈ ತಗ್ಗಿನ ಬಾಗಿಲಿನೊಳಕ್ಕೆ ಯಾರ ನೆರವೂ ಇಲ್ಲದೆ ಹೋಗಿ ಕುಳಿತರು. ಹಿಂದಿರುಗಿ ನೋಡಿ, "ಅಪ್ಪಾಜಿ ನನ್ನ ಕೊಳದಪ್ಪಲೆ ಇಟ್ಟಿದ್ದು ಅಲ್ಲೇ ಅಲ್ವೇನೋ?" ಎಂದರು. ಬಾಗಿಲು ಹೊಸದೆಂಬುದು ಅವರಿಗೆ ತಿಳಿಯಲೇ ಇಲ್ಲ. ಮೂರು ವರ್ಷಗಳ ದುಡಿಮೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರಾವುದಿದೆ?

ಹಳೆಯ ವಾಹನವನ್ನು ಕಾಪಾಡುವ ಕೆಲಸವು ಅಂದಿಗೆ ಮುಗಿದುದಲ್ಲ. ಪೆಟ್ರೋಲಿಗೆ ಬೆರೆಸುವ ಎಥನಾಲಿನ ಪ್ರಮಾಣವು 2025ರಲ್ಲಿ ಶೇಕಡ 20ನ್ನು ಮುಟ್ಟಿದಾಗ, ಅದು ಹಳೆಯ ಬಗೆಯ ರಬ್ಬರನ್ನು ಮೆತ್ತಗಾಗಿಸುವುದೆಂದು ತಿಳಿದು ಪೆಟ್ರೋಲಿನ ನಳಿಗೆಗಳನ್ನೆಲ್ಲ ಬದಲಾಯಿಸಬೇಕಾಯಿತು. ಅದೇ ವರ್ಷ ಇಪ್ಪತ್ತು ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವು 10,000 ರೂಪಾಯಿಗಳಿಗೆ ಏರಿತು. ಪ್ರತಿ ಮಳೆಗಾಲದ ಮುಂಚೆ ಅಡ್ಡಪಟ್ಟಿಗಳ ತೂತುಗಳಿಗೆ ತಂತಿಯಾಡಿಸಿ ಮಣ್ಣು ತೆಗೆಯಬೇಕು. ಐದು ನಿಮಿಷದ ಈ ಕೆಲಸವನ್ನು ಹದಿನೈದು ವರ್ಷ ಮಾಡದೆ ಬಿಟ್ಟುದಕ್ಕೆ ಮೂರು ವರ್ಷಗಳನ್ನು ತೆರಬೇಕಾಯಿತೆಂದು ಹಿರಿಯರು ನೆನಪಿಸಿಕೊಳ್ಳುವುದುಂಟು.

ವಿದ್ಯಾರ್ಥಿಗಳು ಈ ಪ್ರಸಂಗದಿಂದ ಅರಿಯಬೇಕಾದುದು ಹಳೆಯದೆಲ್ಲವೂ ಉತ್ತಮ ಎಂಬುದನ್ನಲ್ಲ. ಬ್ರೇಕಿನ ವಿಷಯದಲ್ಲಿ ಆ ಹಿರಿಯರೇ ಹಳೆಯದನ್ನು ದೂರವಿಟ್ಟರು. ಅಂಗಡಿಯಲ್ಲಿ ದೊರೆಯುವುದನ್ನು ಹಣವಿದ್ದವರಾರೂ ತರಬಲ್ಲರು. ದೊರೆಯದುದನ್ನು ಮಾಡಬಲ್ಲ ಕೈ ಒಂದಿದ್ದಾಗ ಮಾತ್ರ ಹಳೆಯ ವಸ್ತು ಬದುಕೀತು. ಆ ಕೈಯ ವಿದ್ಯೆಯಾದರೋ, ತಗಡಿನಂತೆ ತುಕ್ಕುಹಿಡಿದು ಕಣ್ಣಿಗೆ ಕಾಣುವುದಿಲ್ಲ. ಬಲ್ಲವರೊಡನೆ ಸದ್ದಿಲ್ಲದೆ ಹೋಗಿಬಿಡುತ್ತದೆ. ಬಲ್ಲವರು ಇರುವಾಗಲೇ ಬಳಿಗೆ ಹೋಗಿ, ಕೇಳಿ, ನೋಡಿ, ತಪ್ಪುಮಾಡಿ, ತಿದ್ದಿಕೊಂಡು ಕಲಿಯಬೇಕು. ಎಂಜಿನಿಯರಿಂಗ್ ಕಾಲೇಜನ್ನು ಸೇರಿದ ಆ ಮೊಮ್ಮಗಳು ರಜೆಯ ದಿನಗಳಲ್ಲಿ ರಟ್ಟಿನ ಅಚ್ಚನ್ನೂ ಒಂದು ತುಂಡು ತಗಡನ್ನೂ ಹಿಡಿದು ಕಾಮಾಕ್ಷಿಪಾಳ್ಯದ ಆ ವೃದ್ಧರ ಮನೆಗೆ ಹೋಗತೊಡಗಿದಳು. ಅವಳು ಬಡಿದ ಮೊದಲ ತಗಡು ಸೊಟ್ಟಗಾಯಿತು. ಎರಡನೆಯದು ಅಷ್ಟು ಸೊಟ್ಟಗಾಗಲಿಲ್ಲ.