ಸೌತ್ ಡಕೋಟಾದ ಹುಲ್ಲಿನಲ್ಲಿ ಹೇಜಲ್‌ನ ಮೊದಲ ಬೇಟೆ

ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ಹಬ್ಬವಿದ್ದಂತೆ. ಅಂದು ಫೆಸೆಂಟ್ ಹಕ್ಕಿಯ ಬೇಟೆ ಶುರುವಾಗುತ್ತದೆ. ದುಡಿಯಲು ಊರು ಬಿಟ್ಟ ನಮ್ಮವರು ಜಾತ್ರೆಗೆ ಬಸ್ಸು ಹತ್ತುವ ಹಾಗೆ, ಅಲ್ಲಿಯವರು ದೂರದ ನಗರಗಳಿಂದ ಅಪ್ಪನ, ಚಿಕ್ಕಪ್ಪನ ಹೊಲಗಳಿಗೆ ವಾಪಸಾಗುತ್ತಾರೆ. ಆ ದಿನಗಳಲ್ಲಿ ಸೂ ಫಾಲ್ಸ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್‌ಗಳ ನಡುವೆ ಕೋವಿಯ ಉದ್ದನೆಯ ಪೆಟ್ಟಿಗೆಗಳೂ ನಾಯಿಗಳ ಪಂಜರಗಳೂ ಕಾಣುತ್ತವೆ. ಪುಣೆಯಿಂದ ಮೂರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನನಗೆ, ಆ ಊರಿನ ಆಫೀಸಿನಲ್ಲಿ ಹವಾಮಾನ ಬಿಟ್ಟರೆ ಮಾತಿಗೆ ಸಿಗುತ್ತಿದ್ದ ವಿಷಯ ಇದೊಂದೇ.

ಫೆಸೆಂಟ್ ನಮ್ಮ ಕಾಡುಕೋಳಿ, ನವಿಲುಗಳದೇ ಕುಟುಂಬದ ಹಕ್ಕಿ. ಹುಂಜದ ಮೈ ತಾಮ್ರದ ಬಣ್ಣ, ತಲೆ ಹೊಳೆಯುವ ಹಸಿರು, ಕಣ್ಣಿನ ಸುತ್ತ ಕೆಂಪು, ಕತ್ತಿಗೆ ಬಿಳಿ ಬಳೆ, ಹಿಂದೆ ಉದ್ದನೆಯ ಬಾಲ. ಹೇಂಟೆಯದು ಒಣಹುಲ್ಲಿನ ಬಣ್ಣ. ತಮಾಷೆಯೆಂದರೆ, ಇಷ್ಟೆಲ್ಲ ಸಂಭ್ರಮಕ್ಕೆ ಕಾರಣವಾದ ಈ ಹಕ್ಕಿ ಆ ನೆಲದ್ದೇ ಅಲ್ಲ. ಶಾಂಘೈನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ಓವೆನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಒರೆಗಾನ್‌ಗೆ ಕಳಿಸಿದ ಹಕ್ಕಿಗಳು ಅಲ್ಲಿ ನೆಲೆಯೂರಿದವು. ಸೌತ್ ಡಕೋಟಾದ ಸ್ಪಿಂಕ್ ಕೌಂಟಿಯ ರೈತರು 1908ರ ಹೊತ್ತಿಗೆ ತಮ್ಮಲ್ಲೂ ಬಿಟ್ಟರು. 1919ರಲ್ಲಿ ಅದೇ ಕೌಂಟಿಯಲ್ಲಿ ಒಂದೇ ಒಂದು ದಿನ ಬೇಟೆಗೆ ಅನುಮತಿ ಸಿಕ್ಕಿತು. 1943ರಲ್ಲಿ ಈ ವಲಸೆ ಹಕ್ಕಿ ರಾಜ್ಯದ ಪಕ್ಷಿಯೇ ಆಯಿತು. ಹೊರಗಿನಿಂದ ಬಂದು ಊರಿನ ಗುರುತೇ ಆಗಿಬಿಡುವ ಭಾಗ್ಯ ಎಲ್ಲ ವಲಸಿಗರಿಗೂ ಸಿಗುವುದಿಲ್ಲ.

ನಮ್ಮ ಕ್ಲೈಂಟ್ ತಂಡದಲ್ಲಿ ಐವತ್ತು ದಾಟಿದ ಒಬ್ಬರಿದ್ದರು. ಸ್ಪಿಂಕ್ ಕೌಂಟಿಯಲ್ಲಿ ಅವರ ಚಿಕ್ಕಪ್ಪನ ಹೊಲವಿತ್ತು. ಅವರ ಬಳಿ ಹತ್ತು ತಿಂಗಳ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ತಳಿಯ ಹೆಣ್ಣು ನಾಯಿ, ಹೇಜಲ್. ಕಂದು ತಲೆ, ಚುಕ್ಕೆ ಚುಕ್ಕೆ ಮೈ, ಸುಮ್ಮನೆ ನಿಲ್ಲಲು ಬಾರದ ಕಾಲುಗಳು. ಹಬ್ಬದಂಥ ಆ ಮೊದಲ ಶನಿವಾರ ಅವರು ಹೇಜಲ್‌ನನ್ನು ಮನೆಯಲ್ಲೇ ಬಿಟ್ಟಿದ್ದರು. "ಅವತ್ತು ಎಲ್ಲ ಕಡೆ ಕೋವಿ. ಮರಿನಾಯಿಗೆ ಅದು ಶಾಲೆಯಲ್ಲ, ಗಲಾಟೆ" ಎಂದಿದ್ದರು. ಮೂರು ವಾರ ಕಳೆದು, ಜನಸಂದಣಿ ಇಳಿದ ಮೇಲೆ, ನವೆಂಬರ್‌ನ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೊರಟರು. ನನ್ನ ಪಾಲಿಗೆ ಬಂದ ಕೆಲಸ ನಾಯಿಗೆ ನೀರಿನ ಬಾಟಲಿ ಹೊರುವುದು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಅವರ ಹಿಂದೆ ನಡೆಯುವುದು.

ಬೇಟೆನಾಯಿ ಎಂದರೆ ನಮಗೆ ನೆನಪಾಗುವುದು ಮುಧೋಳ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಕಂಡದ್ದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಪಾಯಿಂಟರ್‌ನ ಕೆಲಸ ಇದಕ್ಕೆ ತೀರಾ ಉಲ್ಟಾ. ಅದು ಮೂಗಿನಿಂದ ಹುಡುಕಬೇಕು, ಹಕ್ಕಿ ಅಡಗಿರುವ ಜಾಗ ತಿಳಿದ ಕೂಡಲೇ ಕಲ್ಲಿನ ಹಾಗೆ ನಿಲ್ಲಬೇಕು. ಯಜಮಾನ ಬಂದು ಹಕ್ಕಿಯನ್ನು ಎಬ್ಬಿಸುವ ತನಕ ಅಲುಗಬಾರದು. ನಿಲ್ಲುವ ಗುಣ ರಕ್ತದಲ್ಲೇ ಬಂದಿರುತ್ತದೆ, ನಿಂತೇ ಇರುವುದನ್ನು ಮಾತ್ರ ಕಲಿಸಬೇಕು.

ಅದಕ್ಕಿಂತ ಮೊದಲು ಕಲಿಸಬೇಕಾದ್ದು ಕೋವಿಯ ಸದ್ದು. ಎಳೆಯ ನಾಯಿಯ ಪಕ್ಕದಲ್ಲಿ ಒಮ್ಮೆಗೇ ಈಡು ಹಾರಿಸಿದರೆ ಅದು ಜನ್ಮಪೂರ್ತಿ ಕೋವಿಗೆ ಹೆದರಬಹುದು. ಹೆದರಿದ ನಾಯಿ ಹಕ್ಕಿಯ ವಾಸನೆಗೂ ಹೆದರುತ್ತದೆ, ಏಕೆಂದರೆ ಅದರ ತಲೆಯಲ್ಲಿ ಎರಡೂ ಅಂಟಿಕೊಂಡಿರುತ್ತವೆ. ಈ ಭಯವನ್ನು ಬಿಡಿಸುವುದು ಬಹಳ ಕಷ್ಟ, ಬಾರದಂತೆ ನೋಡಿಕೊಳ್ಳುವುದೇ ಸುಲಭ. ಹಾಗಾಗಿ ಹೇಜಲ್ ಮರಿಯಾಗಿದ್ದಾಗ ಅದು ಊಟ ಮಾಡುವ ಹೊತ್ತಿಗೆ ದೂರದಲ್ಲಿ ಪಾತ್ರೆ ಬಡಿಯುತ್ತಿದ್ದರಂತೆ. ಆಮೇಲೆ ಹಗ್ಗಕ್ಕೆ ಕಟ್ಟಿದ ರೆಕ್ಕೆಯ ಆಟ, ಆಮೇಲೆ ಪಾರಿವಾಳ. ಪಾರಿವಾಳದ ಹಿಂದೆ ಮೈಮರೆತು ಓಡುವಾಗ ಬಲು ದೂರದಿಂದ ಸಣ್ಣ ಪಿಸ್ತೂಲಿನ ಸದ್ದು. ವಾರದಿಂದ ವಾರಕ್ಕೆ ಸದ್ದು ಹತ್ತಿರವಾಯಿತು, ಕೊನೆಗೆ ಕೋವಿಯದೇ ಆಯಿತು. ಅದೆಲ್ಲ ಮನೆಪಾಠ. ನಿಜವಾದ ಹಕ್ಕಿ ಬಿದ್ದಾಗ ಏನಾಗುತ್ತದೆಂದು ಅಂದೇ ಗೊತ್ತಾಗಬೇಕಿತ್ತು. "ಬಾಲ ನೋಡ್ತಾ ಇರಿ. ಸದ್ದಾದ ಮೇಲೆ ಅದು ಕಾಲಿನ ಸಂದಿಗೆ ಹೋದರೆ ನಾವು ವಾಪಸ್" ಎಂದರು.

ದಾರಿಯಲ್ಲಿ ಹ್ಯೂರಾನ್ ಎಂಬ ಊರು. ಅಲ್ಲಿ 28 ಅಡಿ ಎತ್ತರದ ಫೆಸೆಂಟ್ ಪ್ರತಿಮೆಯಿದೆ. ಅದಕ್ಕೊಂದು ಫೋಟೊ ಹೊಡೆದು ಉತ್ತರಕ್ಕೆ ತಿರುಗಿದರೆ, ಕಣ್ಣು ಹಾಯುವಷ್ಟೂ ಚಪ್ಪಟೆ ನೆಲ. ಕೊಯ್ದ ಸೋಯಾ, ಕೊಯ್ಯುತ್ತಿರುವ ಮೆಕ್ಕೆಜೋಳ, ನಡುನಡುವೆ ಜೊಂಡು ತುಂಬಿದ ಜೌಗು, ಎದೆಮಟ್ಟದ ಒಣಹುಲ್ಲು. ಗಾಳಿಗೆ ತಡೆಯೇ ಇಲ್ಲ.

ಬೇಟೆ ಶುರುಮಾಡಬಹುದಾದ ಹೊತ್ತು ಬೆಳಿಗ್ಗೆ 10 ಗಂಟೆ. ಹೊಲದ ಗೇಟಿನಲ್ಲೇ ಚಿಕ್ಕಪ್ಪನ ಕಡೆಯವರು ಎಂಟು ಮಂದಿ ಕೋವಿ ಹಿಡಿದು ನಿಂತಿದ್ದರು. ಮೆಕ್ಕೆಜೋಳದ ಪಟ್ಟಿಯೊಂದನ್ನು ಸುತ್ತುಗಟ್ಟುವ ಏರ್ಪಾಡು: ಕೆಲವರು ಒಂದು ತುದಿಯಿಂದ ನಡೆಯುತ್ತ ಹಕ್ಕಿ ಓಡಿಸುವುದು, ಉಳಿದವರು ಇನ್ನೊಂದು ತುದಿಯಲ್ಲಿ ಕಾಯುವುದು. ನಮ್ಮನ್ನೂ ಕರೆದರು. ಇವರು ಒಲ್ಲೆ ಎಂದರು. ಚಿಕ್ಕಪ್ಪ ಹುಬ್ಬು ಗಂಟಿಕ್ಕಿ, "ನಾಯಿಯನ್ನು ಗಾಡಿಯಲ್ಲೇ ಬಿಟ್ಟು ನೀನಾದರೂ ಬಾ" ಎಂದರು. ವರ್ಷಕ್ಕೊಮ್ಮೆ ಸೇರುವ ಬಳಗ. ಊಟಕ್ಕೆ ಕರೆದರೆ ಒಲ್ಲೆನ್ನುವಷ್ಟೇ ಮುಜುಗರದ ಸಂಗತಿ. ಇವರು ನಗುತ್ತಲೇ, "ಇವತ್ತು ಬೇಟೆ ನನ್ನದಲ್ಲ, ಅವಳದ್ದು" ಎಂದು ಅರ್ಧ ಮೈಲಿ ಆಚೆಯ ಹುಲ್ಲುಗಾವಲಿನ ಕಡೆ ಗಾಡಿ ತಿರುಗಿಸಿದರು.

ಗಾಳಿಗೆ ಎದುರಾಗಿ ನಡೆದೆವು, ವಾಸನೆ ನಾಯಿಯ ಮೂಗಿಗೇ ಬರಲಿ ಎಂದು. ಮೊದಲ ಮುಕ್ಕಾಲು ಗಂಟೆ ಹೇಜಲ್ ಇಲಿಬಿಲ ಮೂಸಿತು, ಪುಟ್ಟ ಹಕ್ಕಿಗಳನ್ನು ಅಟ್ಟಿತು. ಇವರು ಬೈಯಲಿಲ್ಲ, ಸೀಟಿ ಊದಲಿಲ್ಲ. ಆಮೇಲೆ ಥಟ್ಟನೆ ಅದರ ಓಟ ತುಂಡಾಯಿತು. ಒಂದು ಮುಂಗಾಲು ಗಾಳಿಯಲ್ಲಿ, ಮೂಗು ಮುಂದಕ್ಕೆ, ಮೈಯೆಲ್ಲ ಸಣ್ಣ ನಡುಕ. ಇವರು ಮೆಲ್ಲಗೆ ಮುಂದೆ ಹೋಗಿ ಹುಲ್ಲನ್ನು ಒದ್ದಾಗ ಬುರ್ರೆಂದು ಎದ್ದದ್ದು ಹೇಂಟೆ. ಹೇಂಟೆಯನ್ನು ಕೊಲ್ಲುವಂತಿಲ್ಲ. ಒಂದು ಹುಂಜಕ್ಕೆ ಹಲವು ಹೇಂಟೆಗಳಾದ್ದರಿಂದ, ಕೆಲವು ಹುಂಜಗಳು ಹೋದರೂ ಮುಂದಿನ ವರ್ಷದ ಮರಿಗಳಿಗೆ ಕೊರತೆಯಾಗದು ಎಂಬ ಲೆಕ್ಕ. ಹೇಜಲ್ ಅದರ ಹಿಂದೆ ಹೊಲದಾಚೆ ತನಕ ಓಡಿ, ನಾಲಿಗೆ ಚಾಚಿಕೊಂಡು ಬಂತು. ನಾನು ನೀರು ಕೊಟ್ಟೆ.

ಎರಡನೆಯದು ಹುಂಜ. ಫೆಸೆಂಟ್ ಹಾರುವುದಕ್ಕಿಂತ ಓಡುವುದನ್ನೇ ನೆಚ್ಚುವ ಹಕ್ಕಿ. ಹೇಜಲ್ ನಿಲ್ಲುವುದು, ಅದು ಒಳಗೊಳಗೇ ಸರಿಯುವುದು, ಮತ್ತೆ ನಿಲ್ಲುವುದು ಹೀಗೆ ನಡೆದು, ಕೊನೆಗೆ ತಾಳ್ಮೆಗೆಟ್ಟ ಹೇಜಲ್ ನುಗ್ಗಿಬಿಟ್ಟಿತು. ಹುಂಜ ಕೇಕೆ ಹಾಕುತ್ತ ನಮ್ಮ ತಲೆಯ ಮೇಲೆಯೇ ಹಾರಿತು. ಅಷ್ಟು ಸುಲಭದ ಗುರಿ ನನ್ನಂಥವನಿಗೂ ಗೊತ್ತಾಗುತ್ತಿತ್ತು. ಇವರು ಕೋವಿ ಎತ್ತಲೇ ಇಲ್ಲ. "ನುಗ್ಗಿ ಎಬ್ಬಿಸಿದ ಹಕ್ಕಿ ಬಿದ್ದರೆ, ನುಗ್ಗುವುದೇ ಸರಿ ಅಂತ ಕಲಿತುಬಿಡ್ತಾಳೆ" ಎಂದರು. ಮೂರನೆಯದನ್ನು ಅದು ಚೆನ್ನಾಗಿಯೇ ಹಿಡಿದು ನಿಂತಿತ್ತು. ಆದರೆ ಹುಂಜ ತಗ್ಗಿನಲ್ಲಿ ಹಾರಿತು, ನಾಯಿ ಅದರ ಕೆಳಗೇ ಜಿಗಿಯಿತು. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಗುಂಡು ಹಾರಿಸಬಾರದೆಂಬುದು ಅಲ್ಲಿಯ ನಿಯಮ. ಅದೂ ಹೋಯಿತು. ಆ ಹೊತ್ತಿಗೆ ಆಚೆ ಹೊಲದಲ್ಲಿ ಪಟಾಕಿಸರ ಹೊತ್ತಿಸಿದಂತೆ ಎಂಟು ಕೋವಿಗಳ ಸದ್ದು. ಹೇಜಲ್ ತಲೆಯೆತ್ತಿ ಆ ಕಡೆ ನೋಡಿತು. ಇವರೂ ನೋಡಿದರು, ಆದರೆ ನಾಯಿಯ ಬಾಲವನ್ನು. ಅದು ಮತ್ತೆ ಹುಲ್ಲಿಗೆ ಮೂಗಿಟ್ಟಿತು.

ಜೊಂಡಿನ ಅಂಚಿನಲ್ಲಿ ನಾಲ್ಕನೆಯದು. ಈ ಸಲ ಹೇಜಲ್ ಅರ್ಧ ನಿಮಿಷವಾದರೂ ಅಲುಗದೆ ನಿಂತಿತು. ಹುಂಜ ನೆಟ್ಟಗೆ ಮೇಲೆದ್ದಿತು. ಒಂದೇ ಈಡು. ಹಕ್ಕಿ ಹುಲ್ಲಿನಲ್ಲಿ ಬಿತ್ತು. ನಾನು ಹಕ್ಕಿ ಬಿದ್ದ ಜಾಗ ನೋಡಲಿಲ್ಲ, ಬಾಲ ನೋಡಿದೆ. ಅದು ನೆಟ್ಟಗಿತ್ತು, ಆಮೇಲೆ ಬೀಸತೊಡಗಿತು. ಹೇಜಲ್ ಹಕ್ಕಿಯ ಬಳಿ ಓಡಿ, ಮೂಸಿ, ಒಮ್ಮೆ ಬಾಯಿ ಹಾಕಿ ಬಿಟ್ಟು, ಮೂಗಿಗೆ ಅಂಟಿದ ಪುಕ್ಕಕ್ಕೆ ಸೀನಿತು. ತಂದುಕೊಡಲಿಲ್ಲ. ಇವರು ಕೇಳಲೂ ಇಲ್ಲ. ಕೋವಿ ಖಾಲಿಮಾಡಿ ಪಕ್ಕಕ್ಕಿಟ್ಟು ಹುಲ್ಲಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ನಾಯಿಯೇ ಬಂದು ತೊಡೆಯ ಮೇಲೆ ತಲೆಯಿಟ್ಟಿತು.

ಹುಂಜವನ್ನು ನನ್ನ ಕೈಗೆ ಕೊಟ್ಟಾಗ ಅದು ಇನ್ನೂ ಬೆಚ್ಚಗಿತ್ತು. ಬೇಟೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ನಿಂತುಹೋದ ಸಂಗತಿ. ನನ್ನ ತಲೆಮಾರಿಗೆ ಅದು ಪುಸ್ತಕದಲ್ಲಿ ಓದಿದ್ದು ಮಾತ್ರ. ಕೋಳಿ ತಿನ್ನುವ ನಾನು ಅಂಗಡಿಯಲ್ಲಿ ತುಂಡಾದದ್ದನ್ನಷ್ಟೇ ನೋಡಿದ್ದವನು. ಇದು ಸರಿಯೋ ತಪ್ಪೋ ಎಂದು ಅಲ್ಲಿ ನಿಂತು ತೀರ್ಮಾನಿಸಲು ನನಗಾಗಲಿಲ್ಲ. ಆದರೆ ಸಿಕ್ಕಿದ್ದನ್ನೆಲ್ಲ ಹೊಡೆಯುವುದೇ ಬೇಟೆ ಎಂದುಕೊಂಡಿದ್ದ ನನ್ನೆದುರು, ಒಬ್ಬ ಮನುಷ್ಯ ಎರಡು ಹುಂಜಗಳನ್ನು ಬೇಕೆಂದೇ ಬಿಟ್ಟುಕೊಟ್ಟಿದ್ದ. ದಿನಕ್ಕೆ ಮೂರು ಹುಂಜ ಹೊಡೆಯಲು ಕಾನೂನಿನ ಅನುಮತಿಯಿದೆ. ಇವರು ಒಂದಕ್ಕೆ ಸಾಕೆಂದರು, ಗಂಟೆ ಇನ್ನೂ ಹನ್ನೆರಡೂವರೆ. ದಣಿಯುವ ಮುಂಚೆ, ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಬೇಕಂತೆ.

ಗಾಡಿಯ ಹಿಂಬಾಗಿಲ ಮೇಲೆ ಹೇಜಲ್‌ನನ್ನು ನಿಲ್ಲಿಸಿ, ಪಾದಗಳ ಸಂದಿಯಿಂದ ಅಂಟುಮುಳ್ಳುಗಳನ್ನು ಒಂದೊಂದಾಗಿ ಕಿತ್ತರು. ನಾವು ನಡೆದ ಹುಲ್ಲು ಸರ್ಕಾರದ ಯೋಜನೆಯೊಂದರಡಿ ಬೆಳೆಸಿದ್ದು ಎಂದು ಆಗ ಹೇಳಿದರು. 1985ರ ಕೃಷಿ ಕಾಯ್ದೆಯಿಂದ ಬಂದ ಆ ಯೋಜನೆಯಲ್ಲಿ 10ರಿಂದ 15 ವರ್ಷ ಬೆಳೆ ತೆಗೆಯದೆ ಹುಲ್ಲು ಉಳಿಸಿದ ರೈತನಿಗೆ ಬಾಡಿಗೆ ಸಿಗುತ್ತದೆ. ಹಕ್ಕಿ ಗೂಡು ಕಟ್ಟುವುದು ಅದರಲ್ಲೇ. ಚಿಕ್ಕಪ್ಪನ ಒಪ್ಪಂದ ಸದ್ಯದಲ್ಲೇ ಮುಗಿಯಲಿದೆ, ಮೆಕ್ಕೆಜೋಳಕ್ಕೆ ಒಳ್ಳೆಯ ಬೆಲೆ ಬಂದರೆ ಉತ್ತುಬಿಡುತ್ತಾರೋ ಏನೋ ಎಂದರು. ಹೇಜಲ್ ನಾಯಿಯಾಗಿ ಪಳಗಲು ಇನ್ನೂ ಎರಡು ಮೂರು ಋತು ಬೇಕು. ಅಷ್ಟು ದಿನ ಈ ಹುಲ್ಲು ಇರಬೇಕು.

ಹುಂಜ ಎಂದು ಗುರುತು ಸಿಗುವಂತೆ ಕಾಲನ್ನು ಉಳಿಸಿಕೊಂಡೇ ಹಕ್ಕಿಯನ್ನು ಶುಚಿಮಾಡಿ ಐಸ್ ಪೆಟ್ಟಿಗೆಗೆ ಹಾಕಿದರು. "ಮುಂದಿನ ಶನಿವಾರ ಇನ್ನೊಂದು ಕೋವಿ ಜೊತೆಗಿರಲಿ. ಡಿಸೆಂಬರ್‌ಗೆ ಬೇಕಾದರೆ ಚಿಕ್ಕಪ್ಪನ ಗುಂಪಿಗೆ ಸೇರಿಸ್ತೀನಿ" ಎಂದು, ಹೇಜಲ್‌ನ ಕೊನೆಯ ಪಾದವನ್ನು ಕೈಗೆತ್ತಿಕೊಂಡರು.