ಬಿಸಿಲಿಗೆ ಮುರುಗಲು, ಬೆಂಕಿಗೆ ಉಪ್ಪಾಗೆ

ಸುಡುವ ವಿಷಯದಲ್ಲಿ ಇಂಗ್ಲಿಷಿನವರು ಬಲು ನಾಜೂಕು. ಮೇಲಷ್ಟೇ ಕಂದಿದರೆ ಸ್ಕಾರ್ಚ್, ಕೂದಲ ತುದಿ ಚುರುಗುಟ್ಟಿದರೆ ಸಿಂಜ್, ಇದ್ದಿಲಾದರೆ ಚಾರ್, ನೆಲವೋ ಗಂಟಲೋ ಒಣಗಿದರೆ ಪಾರ್ಚ್. ಬಿಸಿಲು ಬಿದ್ದರೆ ಸಂಭ್ರಮಿಸುವ ದೇಶದವರಿಗೆ ಇಷ್ಟೆಲ್ಲ ಯಾಕೆ ಬೇಕಾಯಿತೋ! ನಮ್ಮದೂ ಕಮ್ಮಿಯೇನಲ್ಲ. ಸೊಪ್ಪು ಬಾಡುತ್ತದೆ, ಸಸಿ ಕಮರುತ್ತದೆ, ಹಳ್ಳ ಬತ್ತುತ್ತದೆ, ಬಟ್ಟೆ ಆರುತ್ತದೆ, ಅನ್ನ ಸೀಯುತ್ತದೆ. ಹಳ್ಳ ಬಾಡಿತು ಎಂದು ನೋಡಿ, ಮಕ್ಕಳೂ ನಗುತ್ತಾರೆ.

ಉತ್ತರ ಕನ್ನಡದ ಜೋಯಿಡಾದ ಕುಂಬಾರವಾಡದ ಕಡೆ ಏಪ್ರಿಲ್‌ನಲ್ಲಿ ಹೋದರೆ ಈ ಕ್ರಿಯಾಪದಗಳೆಲ್ಲ ಕಣ್ಣೆದುರಿಗೇ ನಡೆಯುತ್ತಿರುತ್ತವೆ. ಇಲ್ಲಿಯ ಕುಣಬಿ ಸಮುದಾಯದವರ ಮನೆಮಾತು ಕೊಂಕಣಿ. ಬಿಸಿಲಿನ ಪಾಠ ಮಾತ್ರ ಎಲ್ಲರಿಗೂ ಒಂದೇ. ಹಿಂದಿನವರು ಕುಮರಿ ಬೇಸಾಯಕ್ಕೆ ಕಾಡು ಸವರಿ, ಸವರಿದ್ದನ್ನು ಬಿಸಿಲಿಗೆ ಬಿಟ್ಟು, ಮಳೆಗೆ ಮುಂಚೆ ಬೆಂಕಿಯಿಟ್ಟು, ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರು. ಹಸಿ ಉಳಿದರೆ ಹೊಗೆಯೇ ಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಅದಕ್ಕೆ ಕಡಿವಾಣ ಹಾಕಿದರು. ಈಗ ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯೇ ಬೆಂಕಿರೇಖೆಗಾಗಿ ತರಗೆಲೆ ಸುಡುತ್ತದೆ, ಕಾಡು ಸುಡಬಾರದೆಂದು.

ಬಿಸಿಲಿಗೆ ಒಣಗಿಸುವುದರಲ್ಲಿ ನನಗೆ ಇಷ್ಟ ಮುರುಗಲು, ಅಂದರೆ ಕೋಕಂ. ಕೆಂಪು ಹಣ್ಣು ಸೀಳಿ, ಬೀಜ ಬಿಡಿಸಿ, ಸಿಪ್ಪೆಗೆ ಉಪ್ಪು ಹಾಕಿ ಅಂಗಳದಲ್ಲಿ ಹರವುವುದು. ಅದರದೇ ರಸದಲ್ಲಿ ಅದ್ದಿ ಮತ್ತೆ ಹರವುವುದು. ಬಿಸಿಲು ಸಾಲದಿದ್ದರೆ ಬೂಷ್ಟು, ಅತಿಯಾದರೆ ಗಡುಸು. ಕಪ್ಪಗೆ, ಮೆತ್ತಗೆ, ಹಳೇ ಚಪ್ಪಲಿಯ ತೊಗಲಿನಂತಾಗಬೇಕು. ಆ ಹದ ಬೆರಳಿಗೆ ಗೊತ್ತು. ನಾವು ನೆತ್ತಿ ಒರೆಸಿಕೊಂಡು ಶಪಿಸುವ ಬಿಸಿಲನ್ನು ಈ ಅಂಗಳದವರು ಹೊಗಳುತ್ತಾರೆ. ಬೀಜದಿಂದ ತೆಗೆದ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ.

ಇದರ ದಾಯಾದಿ ಉಪ್ಪಾಗೆಯದು ಎಡವಟ್ಟು ಹಣೆಬರಹ. ಹಣ್ಣಾಗುವುದೇ ಜಡಿಮಳೆಯಲ್ಲಿ. ಸೂರ್ಯನ ಮುಖ ಕಾಣದ ದಿನಗಳಲ್ಲಿ ಸಿಪ್ಪೆಯನ್ನು ಒಲೆಯ ಮೇಲೇ ಒಣಗಿಸಬೇಕು. ಮುರುಗಲಿಗೆ ಬಿಸಿಲು ಪುಕ್ಕಟೆ, ಇದಕ್ಕೆ ಹೊರೆಗಟ್ಟಲೆ ಸೌದೆ. ಸಿಪ್ಪೆ ಒಣಗಿದರೆ ಮನೆಯವರ ಕಣ್ಣು ಒದ್ದೆ. ಹುಳಿಗೆ ಬಳಸುತ್ತಿದ್ದ ಈ ಸಿಪ್ಪೆಯ ಸತ್ವ ತೂಕ ಇಳಿಸುವ ಮಾತ್ರೆಯಾಗುತ್ತದೆಂದು ಹೊರದೇಶಗಳಲ್ಲಿ ಗಿರಾಕಿ ಹುಟ್ಟಿದ ಮೇಲಂತೂ ಒಲೆ ದೊಡ್ಡದಾಯಿತು. ಇಲ್ಲಿ ಕಾಡಿನ ಕಟ್ಟಿಗೆ ಉರಿದು ಅಲ್ಲಿ ಯಾರದೋ ಬೊಜ್ಜು ಕರಗಬೇಕು! ಕರಗುತ್ತದೋ ಇಲ್ಲವೋ, ಕಾಸು ಕೊಟ್ಟು ನುಂಗಿದವರನ್ನೇ ಕೇಳಬೇಕು.